ದೊಡ್ಡ ಬ್ಯಾಟರಿ ತುಂಬಿದ್ದರೂ

ವಿದ್ಯುತ್ ಕಾರಿನ ಬಗ್ಗೆ ನಮ್ಮಲ್ಲಿ ನಡೆಯುವ ಮಾತೆಲ್ಲ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತಿರುತ್ತದೆ: ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ದೂರ ಹೋಗುತ್ತದೆ? ಚಳ್ಳಕೆರೆಯಿಂದ ಬೆಂಗಳೂರಿಗೆ ಸಾಲುತ್ತದೆಯೇ, ಬಳ್ಳಾರಿಗೆ ಹೋಗಿ ಮರಳಬಹುದೇ ಎಂದು ನನ್ನನ್ನೂ ಕೇಳುವವರಿದ್ದಾರೆ. ವಿಜ್ಞಾನದ ಪಾಠ ಹೇಳಿದವನಿಗೆ ಸಕಲ ಯಂತ್ರಗಳೂ ತಿಳಿದಿರಬೇಕೆಂಬ ನಂಬಿಕೆ ನಮ್ಮೂರಿನಲ್ಲಿ ಇನ್ನೂ ಉಳಿದಿದೆ! ಆದರೆ ಈ ಕಾರುಗಳನ್ನು ನಿಲ್ಲಿಸಿಬಿಡುವುದು ಬಹಳ ಸಲ ದೊಡ್ಡ ಬ್ಯಾಟರಿಯಲ್ಲ, ಯಾರೂ ವಿಚಾರಿಸದ ಇನ್ನೊಂದು ಸಣ್ಣ ಬ್ಯಾಟರಿ. ಜರ್ಮನಿಯ ಎ.ಡಿ.ಎ.ಸಿ. ಎಂಬ ವಾಹನ ಸವಾರರ ಸಂಘವು ತಾನು ನೆರವಿಗೆ ಹೋದ ಪ್ರಕರಣಗಳ ಲೆಕ್ಕವನ್ನು ವರ್ಷವರ್ಷವೂ ಪ್ರಕಟಿಸುತ್ತದೆ. 2024ರ ಲೆಕ್ಕದಲ್ಲಿ ಕೆಟ್ಟು ನಿಂತ ವಿದ್ಯುತ್ ಕಾರುಗಳ ಪೈಕಿ ಸುಮಾರು ಅರ್ಧದಷ್ಟಕ್ಕೆ ಕಾರಣ ಈ 12 ವೋಲ್ಟಿನ ಬ್ಯಾಟರಿಯೇ ಆಗಿತ್ತು.

ಸಂಗತಿ ಸರಳವಾಗಿದೆ. ನೆಲದಡಿಯಲ್ಲಿ ಹಾಸಿರುವ ದೊಡ್ಡ ಬ್ಯಾಟರಿ ಮುನ್ನೂರು-ನಾನೂರು ವೋಲ್ಟಿನದು. ಅಂತಹ ವಿದ್ಯುತ್ತು ಸದಾಕಾಲವೂ ಕಾರಿನ ತಂತಿಗಳಲ್ಲಿರುವುದು ಅಪಾಯವಾದ್ದರಿಂದ, ಕಾರು ನಿಂತೊಡನೆ ರಿಲೇಗಳು ಅದನ್ನು ಉಳಿದ ಭಾಗಗಳಿಂದ ಬೇರ್ಪಡಿಸಿಡುತ್ತವೆ. ಆ ರಿಲೇಗಳನ್ನು ಮತ್ತೆ ಕೂಡಿಸುವುದು, ಕಂಪ್ಯೂಟರನ್ನು ಎಚ್ಚರಿಸುವುದು, ಬಾಗಿಲಿನ ಬೀಗ ತೆಗೆಯುವುದು ಎಲ್ಲವೂ ಸಣ್ಣ ಬ್ಯಾಟರಿಯ ಕೆಲಸ. ಕಾರು ಚಾಲನೆಯಲ್ಲಿರುವಾಗ ದೊಡ್ಡದು ಒಂದು ಪರಿವರ್ತಕದ ಮೂಲಕ ಸಣ್ಣದಕ್ಕೆ ಉಣಿಸುತ್ತದೆ. ಸಣ್ಣದು ಸತ್ತರೆ ದೊಡ್ಡದನ್ನು ಎಬ್ಬಿಸುವವರಿಲ್ಲ. ಹಗೇವಿನ ತುಂಬ ಜೋಳವಿದ್ದೂ ಬಾಯಿಯ ಕಲ್ಲು ಎತ್ತಲು ಆಳಿಲ್ಲದ ಮನೆಯಂತೆ. ಚಾರ್ಜರಿಗೆ ಜೋಡಿಸಿದರಾದರೂ ಜೀವ ಬಂದೀತೆಂದರೆ, ಬಹುಪಾಲು ಕಾರುಗಳಲ್ಲಿ ಚಾರ್ಜಿಂಗ್ ಆರಂಭವಾಗುವುದಕ್ಕೂ ಅದೇ 12 ವೋಲ್ಟಿನ ಅಪ್ಪಣೆ ಬೇಕು.

ಕಳೆದ ಬೇಸಿಗೆಯಲ್ಲಿ ಬೆಂಗಳೂರಿನ ನಮ್ಮ ಬಂಧುಗಳು ಮದುವೆಯ ರೇಷ್ಮೆ ಸೀರೆಗಳಿಗಾಗಿ ಮೊಳಕಾಲ್ಮೂರಿಗೆ ಬಂದಿದ್ದರು. ಜೊತೆಗೆ ನಾನೂ ಇದ್ದೆ. ಕಾರು ಮೂರು ದಿನ ನೇಕಾರರ ಬೀದಿಯ ಬಿಸಿಲಿನಲ್ಲಿ ನಿಂತಿತ್ತು. ಹೊರಡುವ ಹೊತ್ತಿಗೆ ಪರದೆಯೂ ಬೆಳಗಲಿಲ್ಲ, ಬಾಗಿಲೂ ತೆರೆಯಲಿಲ್ಲ. ಬಂದಿಳಿದಾಗ ದೊಡ್ಡ ಬ್ಯಾಟರಿಯಲ್ಲಿ ನೂರಕ್ಕೆ ಎಪ್ಪತ್ತು ಉಳಿದಿದ್ದುದನ್ನು ಎಲ್ಲರೂ ಕಂಡಿದ್ದರು. ನಮ್ಮೊಡನಿದ್ದ ಹಿರಿಯರೊಬ್ಬರಿಗೆ ಮರುದಿನ ಬೆಳಿಗ್ಗೆ ಬೆಂಗಳೂರಿನಲ್ಲಿ ಡಯಾಲಿಸಿಸ್ ಆಗಲೇಬೇಕಿತ್ತು. ಸಹಾಯವಾಣಿಯವರು, ಯಾರೂ ಏನನ್ನೂ ಮುಟ್ಟಬಾರದು, ಕಾರನ್ನು ಹೇರಿಕೊಂಡು ಹೋಗುವ ವಾಹನ ನಾಳೆ ಮಧ್ಯಾಹ್ನ ಬರುತ್ತದೆ ಎಂದರು. ಸೂಚನೆಗಳ ಪುಸ್ತಕ ಎಲ್ಲಿದೆಯೆಂದು ವಿಚಾರಿಸಿದರೆ ಅದು ಕಾರಿನ ಪರದೆಯೊಳಗಿದೆಯಂತೆ! ದೀಪ ಹಚ್ಚುವ ವಿಧಾನವನ್ನು ಕತ್ತಲ ಕೋಣೆಯಲ್ಲಿಟ್ಟ ಹಾಗಾಯಿತು.

ಬಸ್ ನಿಲ್ದಾಣದ ಬಳಿ ಟ್ರ್ಯಾಕ್ಟರ್ ಬ್ಯಾಟರಿಗಳ ವ್ಯಾಪಾರ ಮಾಡುವ ಯುವಕನನ್ನು ಕರೆತಂದೆವು. ಅವನೂ ಮೊದಲು ಹಿಂಜರಿದ. "ಕರೆಂಟ್ ಗಾಡಿ ಸಾರ್, ಮುಟ್ಟಿದ್ರೆ ಹೊಡೆಯುತ್ತೆ ಅಂತಾರೆ" ಎಂದ. ಅವನ ಭಯದಲ್ಲಿ ಅರ್ಧ ಸತ್ಯವಿದೆ. 2001ರಲ್ಲಿ ಬೆಂಗಳೂರಿನಿಂದ ಬಂದ ರೇವಾ ಕಾರಿನಲ್ಲಿ ಎಂಟು ಸೀಸದ ಬ್ಯಾಟರಿಗಳು ಸೇರಿ 48 ವೋಲ್ಟ್ ಮಾತ್ರ. ಇಂದಿನ ಕಾರುಗಳ ಕಿತ್ತಳೆ ಬಣ್ಣದ ಕೇಬಲ್ಲುಗಳನ್ನು ಪರಿಣತರಲ್ಲದವರು ಮುಟ್ಟಲೇಬಾರದು. ಆದರೆ ಸಣ್ಣ ಬ್ಯಾಟರಿ ಅವನು ದಿನವೂ ಎತ್ತಿಳಿಸುವ ಟ್ರ್ಯಾಕ್ಟರಿನದೇ ಜಾತಿಯದು. ಕೀಲಿಯ ಡಬ್ಬಿಯೊಳಗೆ ಅಡಗಿರುವ ಲೋಹದ ಚಾವಿಯಿಂದ ಬಾಗಿಲು ತೆಗೆದು, ಒಳಗಿನ ಹಿಡಿಯೆಳೆದು ಬಾನೆಟ್ ಎತ್ತಿ, ಮೀಟರು ಹಿಡಿದಾಗ 9 ವೋಲ್ಟಿಗಿಂತ ತುಸು ಮೇಲೆ ತೋರಿಸಿತು. ತುಂಬಿದ ಬ್ಯಾಟರಿಯಾದರೆ 12.6 ಇರಬೇಕು. ಅವನ ಬ್ಯಾಟರಿಯಿಂದ ಎರಡು ತಂತಿ ಕೊಟ್ಟೊಡನೆ ಕಾರು ಎಚ್ಚರಗೊಂಡಿತು. ಬ್ಯಾಟರಿ ಹಳೆಯದಾಗಿದ್ದರಿಂದ ಅಲ್ಲಿಯೇ ಹೊಸದನ್ನು ಹಾಕಿಸಿದರು. ಹಿರಿಯರು ಸಕಾಲಕ್ಕೆ ಆಸ್ಪತ್ರೆ ಸೇರಿದರು.

ನನ್ನ ತಕರಾರು ಇಷ್ಟೇ. ದೇಶದಲ್ಲಿ ವಿದ್ಯುತ್ ವಾಹನ ನೀತಿಯನ್ನು ಮೊಟ್ಟಮೊದಲು, 2017ರಲ್ಲಿ, ಪ್ರಕಟಿಸಿದ ರಾಜ್ಯ ನಮ್ಮದು. ಚಾರ್ಜಿಂಗ್ ಕೇಂದ್ರಗಳ ಸಂಖ್ಯೆಯನ್ನು ಹೆಮ್ಮೆಯಿಂದ ಎಣಿಸುತ್ತೇವೆ. ಚಿತ್ರದುರ್ಗದ ಬೆಟ್ಟಗಳ ಮೇಲೆ ಗಾಳಿಯಂತ್ರಗಳು, ಪಕ್ಕದ ಪಾವಗಡದಲ್ಲಿ 2,050 ಮೆಗಾವಾಟಿನ ಸೌರ ಪಾರ್ಕು. ಈ ಕಾರುಗಳ ವಿದ್ಯುತ್ತಿಗೆ ನಮ್ಮ ಬಯಲುಸೀಮೆ ತನ್ನ ಗಾಳಿ ಬಿಸಿಲುಗಳನ್ನು ಕೊಟ್ಟಿದೆ. ಆದರೆ ತಳುಕಿನಲ್ಲೋ ಬಿ.ಜಿ.ಕೆರೆಯಲ್ಲೋ ನಿಂತುಹೋದ ಕಾರಿನ 12 ವೋಲ್ಟನ್ನು ಧೈರ್ಯವಾಗಿ ಅಳೆಯಬಲ್ಲವರು ಎಷ್ಟು ಜನ ಎಂಬುದನ್ನು ಯಾರೂ ಎಣಿಸುವುದಿಲ್ಲ. ಎಣ್ಣೆ ಗಿರಣಿ, ಲಾರಿ, ಪಂಪ್‌ಸೆಟ್ಟುಗಳಿಂದ ಕಲಿತ ಒಂದು ದೊಡ್ಡ ಮೆಕ್ಯಾನಿಕ್ ಪರಂಪರೆ ಚಳ್ಳಕೆರೆಯಲ್ಲಿದೆ. "ಮುಟ್ಟಬೇಡಿ" ಎಂಬ ಒಂದೇ ಮಾತಿನಿಂದ ಅವರನ್ನು ದೂರವಿಡುವುದು ಸುರಕ್ಷತೆಯಲ್ಲ. ಎಲ್ಲಿ ಮುಟ್ಟಬಹುದು, ಎಲ್ಲಿ ಕೂಡದು ಎಂದು ಎರಡು ದಿನ ಕುಳ್ಳಿರಿಸಿ ಕಲಿಸಿದರೆ ಅದು ಸುರಕ್ಷತೆ.

ಕಂಪನಿಗಳಿಗೆ ಈ ಬ್ಯಾಟರಿಯ ಮಹತ್ವ ತಿಳಿಯದೆ ಇಲ್ಲ. ಸಣ್ಣ ಬ್ಯಾಟರಿಗೆ ಉಣಿಸುವ ಘಟಕದಲ್ಲಿ ದೋಷವಿರಬಹುದೆಂದು 2024ರಲ್ಲಿ ಹ್ಯುಂಡೈ ಸಂಸ್ಥೆ ಭಾರತದಲ್ಲಿ 1,744 ಅಯಾನಿಕ್ 5 ಕಾರುಗಳನ್ನು ತಪಾಸಣೆಗೆ ಮರಳಿ ಕರೆಸಿತ್ತು. ಹೀಗಿರುವಾಗ ಕಾರಿನೊಡನೆ ಕನ್ನಡದಲ್ಲಿ ಅಚ್ಚಾದ ಒಂದು ಹಾಳೆ ಕೊಡಲು ಏನು ಕಷ್ಟ? ಸಣ್ಣ ಬ್ಯಾಟರಿ ಎಲ್ಲಿದೆ, ಗುಪ್ತ ಚಾವಿ ಎಲ್ಲಿದೆ, ಕೆಂಪು ತಂತಿ ಯಾವುದಕ್ಕೆ, ಕಪ್ಪು ತಂತಿಯನ್ನು ಕಾರಿನ ಲೋಹದ ಯಾವ ಭಾಗಕ್ಕೆ ಕಚ್ಚಿಸಬೇಕು ಎಂಬಿಷ್ಟು ಸಾಕು.

ಆ ಹಾಳೆಯಲ್ಲಿ ಎರಡು ಎಚ್ಚರಿಕೆಗಳು ಇರಲೇಬೇಕು. ಬಳ್ಳಾರಿ ರಸ್ತೆಯಲ್ಲಿ ನೆರವಿಗೆ ಮೊದಲು ನಿಲ್ಲುವವರು ಲಾರಿಯವರು, ಪುಣ್ಯವಂತರು. ಆದರೆ ದೊಡ್ಡ ಲಾರಿಗಳಲ್ಲಿ ಎರಡು ಬ್ಯಾಟರಿ ಸೇರಿ 24 ವೋಲ್ಟ್ ಇರುತ್ತದೆ. ಅದನ್ನು ಕಾರಿಗೆ ಕೊಟ್ಟರೆ ಕಂಪ್ಯೂಟರುಗಳೇ ಸುಟ್ಟುಹೋದಾವು. ಇನ್ನೊಂದು, ಹಿಂದಿನ ಜೀಪಿನಂತೆ ಇದನ್ನು ತಳ್ಳಿ ಎಬ್ಬಿಸಲಾಗದು. ಸಣ್ಣ ಬ್ಯಾಟರಿ ಸತ್ತಾಗ ಗಾಲಿಗಳು ಬಿಗಿದುಕೊಂಡೇ ಇರುವುದುಂಟು. ಹಗ್ಗ ಕಟ್ಟಿ ಎಳೆದರೆ ಹಾನಿ ಹೆಚ್ಚು.

ಕೊಂಡವರಿಗೂ ಒಂದು ಮಾತು. ಸೀಸದ ಬ್ಯಾಟರಿಗೆ ಚಳಿಗಾಲ ಪರೀಕ್ಷೆಯಾದರೆ ಬೇಸಿಗೆ ಕಾಯಿಲೆ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಆಯುಷ್ಯ ಹೆಚ್ಚುಕಡಿಮೆ ಅರ್ಧವಾಗುತ್ತದೆಂಬುದು ಹಳೆಯ ಲೆಕ್ಕ. ನಮ್ಮ ಕಡೆಯ ಬಿಸಿಲಿಗೆ ಮೂರು ವರ್ಷವಾಗುತ್ತಿದ್ದಂತೆಯೇ, ಶಿವರಾತ್ರಿಗೆ ಮೊದಲು ಒಮ್ಮೆ ಅಳೆಯಿಸಿ. ಅಳೆಯಲು ಟ್ರ್ಯಾಕ್ಟರ್ ಬ್ಯಾಟರಿಯ ಅಂಗಡಿಯೇ ಸಾಕು.