ನಿಂತ ವಿಮಾನದ ಬೇಗೆ: ಗಡಿಯಾರಕ್ಕೆ ನಿಯಮವಿದೆ, ಉಷ್ಣಮಾಪಕಕ್ಕಿಲ್ಲ

ಬೆಂಗಳೂರು: ವಿಮಾನ ತಡವಾದರೆ ಪ್ರಯಾಣಿಕರಿಗೆ ಏನೇನು ಸಿಗಬೇಕೆಂದು ನಮ್ಮ ನಿಯಮಾವಳಿ ಗಂಟೆಗಳ ಲೆಕ್ಕದಲ್ಲಿ ಹೇಳುತ್ತದೆ. ಬಾಗಿಲು ಮುಚ್ಚಿಕೊಂಡು ಬಿಸಿಲಿನಲ್ಲಿ ನಿಂತ ವಿಮಾನದೊಳಗೆ ಅವರು ಎಷ್ಟು ಡಿಗ್ರಿ ಬೇಗೆಯನ್ನು ಸಹಿಸಬೇಕು ಎಂಬ ಪ್ರಶ್ನೆಗೆ ಮಾತ್ರ ಅದರಲ್ಲಿ ಉತ್ತರವಿಲ್ಲ.

ಈ ಕೊರತೆ ಎದ್ದು ಕಂಡದ್ದು 2024ರ ಬೇಸಿಗೆಯಲ್ಲಿ. ಮೇ 29ರಂದು ದೆಹಲಿಯ ಸಫ್ದರ್‌ಜಂಗ್ ಕೇಂದ್ರದಲ್ಲಿ 46.8 ಡಿಗ್ರಿ ಸೆಲ್ಸಿಯಸ್ ತಾಪಮಾನ ದಾಖಲಾಯಿತು. ಮರುದಿನ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಡಬೇಕಿದ್ದ ಏರ್ ಇಂಡಿಯಾ ವಿಮಾನದಲ್ಲಿ, ತಂಪಿಲ್ಲದೆ ಕುಳಿತ ಕೆಲವರು ಮೂರ್ಛೆ ಹೋದರೆಂದು ಪ್ರಯಾಣಿಕರು ದೂರಿದರು. ವಿಮಾನ ಹೊರಟಿದ್ದು ಮೇ 31ರಂದು. ಕ್ಯಾಬಿನ್ನಿನಲ್ಲಿ ಸಾಕಷ್ಟು ತಂಪು ಇರಲಿಲ್ಲವೆಂಬುದನ್ನೂ ಉಲ್ಲೇಖಿಸಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ಸಂಸ್ಥೆಗೆ ಷೋಕಾಸ್ ನೋಟಿಸ್ ನೀಡಿತು. ಜೂನ್ 19ರಂದು ದೆಹಲಿ-ದರ್ಭಂಗಾ ಮಾರ್ಗದ ಸ್ಪೈಸ್‌ಜೆಟ್ ವಿಮಾನದ ಪ್ರಯಾಣಿಕರಿಂದಲೂ ಇಂಥದೇ ದೂರು ಕೇಳಿಬಂತು.

ತಂಪು ಬರುವುದು ಎಲ್ಲಿಂದ?

ಆಗಸದಲ್ಲಿರುವಾಗ ಹೆಚ್ಚಿನ ಜೆಟ್ ವಿಮಾನಗಳ ಹವಾನಿಯಂತ್ರಣಕ್ಕೆ ಎಂಜಿನ್ನಿನಿಂದಲೇ ಒತ್ತಡದ ಗಾಳಿ ದೊರೆಯುತ್ತದೆ. ನೆಲದ ಮೇಲೆ ಎಂಜಿನ್ ನಿಂತಿರುವಾಗ ಇರುವ ದಾರಿಗಳು ಎರಡು: ವಿಮಾನದ ಬಾಲದಲ್ಲಿರುವ ಸಹಾಯಕ ಎಂಜಿನ್ (ಎಪಿಯು), ಇಲ್ಲವೇ ನಿಲ್ದಾಣದಿಂದ ದಪ್ಪ ಕೊಳವೆಯ ಮೂಲಕ ಬರುವ ತಣ್ಣನೆಯ ಗಾಳಿ. ಎಪಿಯು ಇಂಧನ ಉರಿಸುತ್ತದೆ. ಕೊಳವೆಯ ಸೌಲಭ್ಯ ಎಲ್ಲ ಕಡೆ ಇಲ್ಲ. ಎಪಿಯು ಕೆಟ್ಟಿದ್ದರೂ ಷರತ್ತುಗಳಿಗೆ ಒಳಪಟ್ಟು ವಿಮಾನ ಹಾರಿಸಲು ಅನುಮತಿಯಿದೆ. ಆಗ ಕೊಳವೆಯೂ ಇಲ್ಲದಿದ್ದರೆ ಕ್ಯಾಬಿನ್ ಕಾದ ಕಾವಲಿಯಾಗುವುದರಲ್ಲಿ ಸಂದೇಹವಿಲ್ಲ. ಸುಮ್ಮನೆ ಕುಳಿತ ಮನುಷ್ಯನ ದೇಹವೇ ಸುಮಾರು 100 ವಾಟ್ ಶಾಖ ಸೂಸುತ್ತದೆ. 180 ಮಂದಿ ತುಂಬಿದ ವಿಮಾನವೆಂದರೆ ಬಿಸಿಲಿನ ಜತೆಗೆ 18 ಕಿಲೋವಾಟ್‌ನ ಒಲೆ!

ಮೈಸೂರಿನಂತಹ ಸಣ್ಣ ನಿಲ್ದಾಣಗಳಿಗೆ ಬರುವ ಎಟಿಆರ್ ವಿಮಾನಗಳಲ್ಲಿ ಎಪಿಯು ಇರುವುದೇ ಇಲ್ಲ. ಪ್ರೊಪೆಲ್ಲರಿಗೆ ಬ್ರೇಕ್ ಹಾಕಿ ಬಲಗಡೆಯ ಎಂಜಿನ್ನನ್ನೇ ಚಾಲೂ ಇಡುವ ವ್ಯವಸ್ಥೆ ಅವುಗಳದು.

ಎಂಜಿನ್ ಚಾಲೂ ಮಾಡುವಾಗ ಒಂದೆರಡು ನಿಮಿಷ ತಂಪುಗಾಳಿ ನಿಲ್ಲುವುದು ಸಹಜ, ಅದಕ್ಕೆ ಗಾಬರಿಪಡಬೇಕಿಲ್ಲ. ಅರ್ಧ ಗಂಟೆ ಕಳೆದರೂ ಗಾಳಿ ಬಾರದಿದ್ದರೆ ಅದು ಸಹಜವಲ್ಲ.

ನಿಯಮ ಅಳೆಯುವುದೇನನ್ನು?

ಡಿಜಿಸಿಎ ನಿಯಮದಂತೆ ಹಾರಾಟದ ಅವಧಿಗೆ ಅನುಗುಣವಾಗಿ 2ರಿಂದ 4 ಗಂಟೆ ತಡವಾದರೆ ಊಟ-ಉಪಾಹಾರ ನೀಡಬೇಕು. ದೇಶೀಯ ವಿಮಾನ 6 ಗಂಟೆಗೂ ಮೀರಿ ತಡವಾಗುವುದಾದರೆ ಬದಲಿ ವಿಮಾನ ಅಥವಾ ಪೂರ್ಣ ಹಣ ವಾಪಸು. ಆದರೆ 45 ಡಿಗ್ರಿ ಬಿಸಿಲಿನಲ್ಲಿ ವೃದ್ಧರು, ಹಸುಳೆಗಳು ಬಳಲಲು ಒಂದು ಗಂಟೆಯೇ ಧಾರಾಳವಾಯಿತು.

ಅಮೆರಿಕದ ನಿಯಮ ತುಸು ಮುಂದಿದೆ. ಅಲ್ಲಿ ದೇಶೀಯ ವಿಮಾನದಲ್ಲಿ 3 ಗಂಟೆ, ಅಂತರರಾಷ್ಟ್ರೀಯ ವಿಮಾನದಲ್ಲಿ 4 ಗಂಟೆಯೊಳಗೆ ಪ್ರಯಾಣಿಕರಿಗೆ ಇಳಿಯುವ ಅವಕಾಶ ಕೊಡಬೇಕು, ಕ್ಯಾಬಿನ್ ಹಿತಕರವಾಗಿರಬೇಕು. ಹಾಗಿದ್ದೂ 2023ರ ಜುಲೈನಲ್ಲಿ ಲಾಸ್ ವೇಗಸ್‌ನಲ್ಲಿ ನಿಂತಿದ್ದ ಡೆಲ್ಟಾ ವಿಮಾನದಲ್ಲಿ ಜನ ಅಸ್ವಸ್ಥರಾದರು. 'ಹಿತಕರ' ಎಂಬ ಪದಕ್ಕೆ ಅಂಕಿಯ ಬೇಲಿ ಇಲ್ಲದಿರುವುದೇ ಅಲ್ಲಿನ ದೌರ್ಬಲ್ಯ. ಅಲ್ಲಿನ ಹವಾನಿಯಂತ್ರಣ ತಜ್ಞರ ಸಂಸ್ಥೆ 'ಆಶ್ರೇ' ಕ್ಯಾಬಿನ್ನಿಗೆ ಸುಮಾರು 18ರಿಂದ 24 ಡಿಗ್ರಿ ಸೂಚಿಸಿದೆಯಾದರೂ ಅದು ಕಡ್ಡಾಯವಲ್ಲ.

ನಮ್ಮಲ್ಲಿ ಆಗಿರುವ ಒಂದು ಸುಧಾರಣೆಯನ್ನು ಮರೆಯುವಂತಿಲ್ಲ. ವಿಮಾನ ಹತ್ತಿದ ಬಳಿಕ ದೀರ್ಘಕಾಲ ಸಿಲುಕಿದವರನ್ನು ನಿರ್ಗಮನ ದ್ವಾರದ ಮೂಲಕವೇ ಹೊರಬಿಡಲು ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ 2024ರ ಮಾರ್ಚ್ ಅಂತ್ಯದಲ್ಲಿ ಅವಕಾಶ ಕಲ್ಪಿಸಿತು. ಬಾಗಿಲೇನೋ ಇದೆ, ಯಾವಾಗ ತೆರೆಯಬೇಕೆಂಬ ತೀರ್ಮಾನ ಮಾತ್ರ ವಿಮಾನ ಸಂಸ್ಥೆ ಮತ್ತು ಭದ್ರತಾ ಸಿಬ್ಬಂದಿಯದು. ಇಳಿಸಿದರೆ ಮತ್ತೆ ಹತ್ತಿಸಬೇಕು, ಹಾರಾಟದ ಸರದಿ ತಪ್ಪಬಹುದು. ಹೀಗಾಗಿ 'ಇನ್ನು ಹತ್ತೇ ನಿಮಿಷ' ಎಂಬ ಮಾತು ಬೆಳೆಯುತ್ತಾ ಹೋಗುತ್ತದೆ.

ಪರಿಹಾರ ಕಠಿಣವೇನಲ್ಲ. ಕ್ಯಾಬಿನ್ ತಾಪಮಾನಕ್ಕೊಂದು ಗರಿಷ್ಠ ಮಿತಿ ಗೊತ್ತುಮಾಡಿ, ಅದು ಮೀರಿದಾಗ ಇಳಿಸುವುದನ್ನು ಕಡ್ಡಾಯಗೊಳಿಸಬೇಕು. ಎಪಿಯು ಕೆಟ್ಟಿದ್ದು, ಕೊಳವೆಯೂ ಇಲ್ಲದ ಕಡೆ ಪ್ರಯಾಣಿಕರನ್ನು ಹತ್ತಿಸಲೇಬಾರದು.

ಅಲ್ಲಿಯವರೆಗೆ ಪ್ರಯಾಣಿಕರೇ ಎಚ್ಚರ ವಹಿಸುವುದು ಒಳಿತು. ಕಿಟಕಿಯ ಪರದೆ ಇಳಿಸಿ, ಮೊದಲೇ ನೀರು ಕೇಳಿ. ಯಾರಿಗಾದರೂ ತಲೆಸುತ್ತು, ವಾಕರಿಕೆ, ಮಾತಿನಲ್ಲಿ ತಡಬಡಿಕೆ ಕಂಡರೆ ಸಂಕೋಚಪಡದೆ ಗಗನಸಖಿಯರಿಗೆ ತಿಳಿಸಿ. ಸೆಕೆಯೆಂದರೆ ಬರೀ ಕಿರಿಕಿರಿಯಷ್ಟೇ ಅಲ್ಲ, ಪ್ರಾಣಕ್ಕೂ ಎರವಾಗಬಲ್ಲದು ಎಂಬುದನ್ನು ಡಿಜಿಸಿಎ ಮುಂದಿನ ಬೇಸಿಗೆಗೆ ಮುನ್ನ ಅರಿಯಬೇಕಿದೆ.