ಸರ್ವರಿನ ಹಿಂದೆ ಯಾರಿದ್ದಾರೆ?

ಅಮೆರಿಕದ ಬ್ಲಿಝಾರ್ಡ್ ಕಂಪನಿ 2004ರಲ್ಲಿ ಬಿಡುಗಡೆ ಮಾಡಿದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಸಾವಿರಾರು ಜನ ಒಟ್ಟಿಗೆ ಆಡುವ ಕಂಪ್ಯೂಟರ್ ಆಟ. ತಿಂಗಳ ಚಂದಾ ಕಟ್ಟಿದವರು ಕಂಪನಿಯ ಸರ್ವರಿಗೆ ಸೇರಿಕೊಂಡು ಆಡಬೇಕು. ಕೆಲವರು ಆ ಸರ್ವರನ್ನೇ ಅನುಕರಿಸುವ ತಂತ್ರಾಂಶ ಬರೆದು ‘ಖಾಸಗಿ ಸರ್ವರ್’ ನಡೆಸುತ್ತಾರೆ. ನಾಟಕ ಅದೇ, ವೇಷ ಅದೇ. ಟಿಕೆಟ್ ಕೊಡುವ ಕಿಂಡಿ ಮಾತ್ರ ಬೇರೆಯವರದು.

ಕಂಪನಿ ಕೋರ್ಟಿನ ಮೆಟ್ಟಿಲು ಹತ್ತಿದಾಗ ಏಳುವ ಕಷ್ಟದ ಪ್ರಶ್ನೆಯೆಂದರೆ, ಹೊಣೆ ಯಾರದು? ಪರದೆಯ ಮೇಲೆ ಕಾಣುವುದು ಬರೀ ಅಡ್ಡಹೆಸರು. ಒಬ್ಬ ತಂತ್ರಾಂಶ ಬರೆದಿರುತ್ತಾನೆ, ಒಬ್ಬ ಯಂತ್ರದ ಬಾಡಿಗೆ ಕಟ್ಟಿರುತ್ತಾನೆ, ಇನ್ನೊಬ್ಬ ಸಂಬಳವಿಲ್ಲದೆ ಆಟಗಾರರ ಜಗಳ ಬಿಡಿಸಿರುತ್ತಾನೆ. ಎಲ್ಲರನ್ನೂ ಒಂದೇ ಹಗ್ಗದಲ್ಲಿ ಕಟ್ಟಲು ಬರುವುದಿಲ್ಲ.

ಅಮೆರಿಕದ ಕೃತಿಸ್ವಾಮ್ಯ ಕಾನೂನಿನಲ್ಲಿ ವ್ಯಕ್ತಿಯನ್ನು ಹಿಡಿಯಲು ಮೂರು ದಾರಿಗಳಿವೆ. ತಾನೇ ನಕಲು ಮಾಡಿದವನು ನೇರ ಹೊಣೆಗಾರ. ಉಲ್ಲಂಘನೆ ನಡೆಯಲೆಂಬ ಉದ್ದೇಶದಿಂದಲೇ ಅದಕ್ಕೆ ನೆರವಾದವನು ಎರಡನೆಯವನು. ತಡೆಯುವ ಅಧಿಕಾರವೂ ಸಾಮರ್ಥ್ಯವೂ ಇದ್ದು, ಅದರಿಂದ ನೇರ ಹಣದ ಲಾಭ ಪಡೆದವನು ಮೂರನೆಯವನು. ‘ಮಾಡಿದ್ದು ನಾನಲ್ಲ, ನನ್ನ ಕಂಪನಿ’ ಎಂಬ ಮಾತೂ ನಡೆಯದು. ತಪ್ಪಿನಲ್ಲಿ ತಾನೇ ಕೈಯಾಡಿಸಿದ ಅಧಿಕಾರಿ ಕಂಪನಿಯ ಮರೆಯಲ್ಲಿ ಅಡಗಲಾರ. ಆದ್ದರಿಂದ ಹಣ ಯಾರ ಖಾತೆಗೆ ಬಿತ್ತು, ಸರ್ವರಿನ ಬಾಡಿಗೆ ಯಾರ ಹೆಸರಿನಲ್ಲಿತ್ತು, ಆದೇಶ ಕೊಟ್ಟವರಾರು ಎಂಬುದೇ ಮುಖ್ಯ ಸಾಕ್ಷ್ಯ.

‘ಸ್ಕೇಪ್‌ಗೇಮಿಂಗ್’ ಪ್ರಕರಣವನ್ನೇ ನೋಡಿ. ಈ ಖಾಸಗಿ ಸರ್ವರ್ ನಡೆಸುತ್ತಿದ್ದ ಮಹಿಳೆಯ ಮೇಲೆ ಬ್ಲಿಝಾರ್ಡ್ 2009ರಲ್ಲಿ ದಾವೆ ಹೂಡಿತು. ಕ್ಯಾಲಿಫೋರ್ನಿಯಾದ ಫೆಡರಲ್ ಕೋರ್ಟು 2010ರ ಆಗಸ್ಟಿನಲ್ಲಿ ತೀರ್ಪಿತ್ತಿತು. ಸರ್ವರಿನ ಸದಸ್ಯರು 4,27,393. ಬೀಗ ಮುರಿಯುವ ಒಂದೊಂದು ಕೃತ್ಯಕ್ಕೆ ಕಾನೂನಿನಲ್ಲಿರುವ ಕನಿಷ್ಠ ಪರಿಹಾರ 200 ಡಾಲರ್. ಗುಣಿಸಿದರೆ 8,54,78,600 ಡಾಲರ್! ಗಳಿಕೆಯ ಬಾಬ್ತು 30,52,339 ಡಾಲರ್, ವಕೀಲರ ಶುಲ್ಕ 63,600 ಡಾಲರ್ ಬೇರೆ. ಒಟ್ಟು 8 ಕೋಟಿ 85 ಲಕ್ಷ ಡಾಲರಿಗೂ ಮೀರಿದ ಮೊತ್ತ, ಒಬ್ಬ ವ್ಯಕ್ತಿಯ ತಲೆಯ ಮೇಲೆ.

ಸ್ವಾರಸ್ಯವೆಂದರೆ, ಇಲ್ಲಿ ವಾದ-ವಿವಾದವೇ ನಡೆಯಲಿಲ್ಲ. ಪ್ರತಿವಾದಿ ದಾವೆಗೆ ಉತ್ತರವನ್ನೇ ಕೊಡಲಿಲ್ಲ. ಹಾಗಾದಾಗ ಪರಿಹಾರದ ಮೊತ್ತವೊಂದನ್ನು ಬಿಟ್ಟು ದಾವೆಯಲ್ಲಿ ಹೇಳಿದ ಸಂಗತಿಗಳನ್ನು ಕೋರ್ಟು ನಿಜವೆಂದೇ ಎಣಿಸುತ್ತದೆ. ಆಕೆಯ ಪಾತ್ರವೆಷ್ಟು, ಜೊತೆಗಿದ್ದವರ ಪಾಲೆಷ್ಟು ಎಂಬ ಪ್ರಶ್ನೆ ಒರೆಗೆ ಬರಲೇ ಇಲ್ಲ. ಹೀಗಾಗಿ, ವೈಯಕ್ತಿಕ ಹೊಣೆಯನ್ನು ಹೇಗೆ ಸಾಬೀತು ಮಾಡಬೇಕು ಎನ್ನುವುದಕ್ಕೆ ಈ ದೊಡ್ಡ ತೀರ್ಪು ಅಷ್ಟಾಗಿ ದಾರಿ ತೋರುವುದಿಲ್ಲ.

ಆ ಪ್ರಶ್ನೆ ಮತ್ತೆ ಬಂತು. 2025ರ ಆಗಸ್ಟಿನಲ್ಲಿ ಬ್ಲಿಝಾರ್ಡ್ ‘ಟರ್ಟಲ್ ವಾವ್’ ಎಂಬ ಖಾಸಗಿ ಸರ್ವರಿನ ವಿರುದ್ಧ ದಾವೆ ಹೂಡಿದಾಗ, ಸಂಸ್ಥೆಯ ಜೊತೆ ವ್ಯಕ್ತಿಗಳನ್ನೂ ಪ್ರತಿವಾದಿಗಳನ್ನಾಗಿ ಮಾಡಿತು.

ಅಭಿಮಾನದಿಂದ ಕೈಜೋಡಿಸುವ ಹುಡುಗರು ಇಷ್ಟು ತಿಳಿದಿರಲಿ: ಹಣ ಮುಟ್ಟಿದ ಕೈಯನ್ನೇ ಕಾನೂನು ಮೊದಲು ಹುಡುಕುತ್ತದೆ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ಕೋರ್ಟಿನ ಸಮನ್ಸ್ ಬಂದಾಗ ಮಾತ್ರ ಆ ಬಂಗಾರ ಬಲು ದುಬಾರಿ.