ಎಣ್ಣೆ ತಿಕ್ಕುವ ಮೊದಲು

ಮಳೆಗಾಲ ಹಿಡಿಯಿತೆಂದರೆ ಭದ್ರಾವತಿಯ ಹಳೆಯ ಕಾರ್ಮಿಕರ ಮನೆಗಳಲ್ಲಿ ಮಂಡಿನೋವಿನ ಮಾತು ಶುರು. 1923ರಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿದ ಊರು ಅದು. ಕುಲುಮೆಯ ಮುಂದೆ ದಶಕಗಟ್ಟಲೆ ನಿಂತು ದುಡಿದವರ ಕೀಲು ಸವೆಯದೆ ಇದ್ದೀತೇ? ಅಜ್ಜನ ಮಂಡಿಗೆ ಎಣ್ಣೆ ತಿಕ್ಕುವುದು, ಬೇಲಿಬದಿಯ ಲಕ್ಕಿಸೊಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಡುವುದು ಮೊಮ್ಮಕ್ಕಳ ಪಾಲಿನ ಕೆಲಸ.

ಅಜ್ಜನಿಗೆ ಹಿತವಾದದ್ದು ಅಮ್ಮನಿಗೂ ಆದೀತು ಎಂದುಕೊಳ್ಳುವಲ್ಲಿಯೇ ತಪ್ಪಾಗುವುದು.

ಆಯುರ್ವೇದ ಕೀಲುನೋವನ್ನೆಲ್ಲ ಒಂದೇ ರೋಗವೆಂದು ಬಗೆಯುವುದಿಲ್ಲ. ಅಜ್ಜನದು ಸಂಧಿಗತ ವಾತ. ನಡೆದರೆ ನೋವು, ಕುಳಿತರೆ ಆರಾಮ, ಮಡಚಿದರೆ ಕಟಕಟ ಸದ್ದು. ಎಣ್ಣೆ ಮತ್ತು ಶಾಖ ಇದಕ್ಕೆ ಸರಿ. ಆಮವಾತ ಬೇರೆ. ಬೆಳಿಗ್ಗೆ ಎದ್ದಾಗ ಬೆರಳು ಮಡಚಲಾರದಷ್ಟು ಬಿಗಿತ, ಎರಡೂ ಕೈಗಳ ಸಣ್ಣ ಗಂಟುಗಳಲ್ಲಿ ಬಾವು, ಹಸಿವಿಲ್ಲ, ಮೈ ಬಿಸಿ. ಇದನ್ನು ಪ್ರತ್ಯೇಕ ರೋಗವಾಗಿ ವರ್ಣಿಸಿದ್ದು ಮಾಧವನಿದಾನ. ಇಲ್ಲಿ ಎಣ್ಣೆ ತಿಕ್ಕಿದರೆ ನೋವು ಕೆರಳುತ್ತದೆ ಎನ್ನುತ್ತಾರೆ ವೈದ್ಯರು. ಕಾಯಿಸಿದ ಮರಳಿನ ಒಣಶಾಖ, ಶುಂಠಿ, ಹಗುರ ಊಟ, ವೈದ್ಯರು ಹೇಳಿದ ಪ್ರಮಾಣದಲ್ಲಿ ಕುಡಿಯಲು ಹರಳೆಣ್ಣೆ ಇದರ ದಾರಿ. ಮೊಸರು, ಉದ್ದು, ಮೀನು ವರ್ಜ್ಯ. (ಮಲೆನಾಡಿನ ಮಳೆಯಲ್ಲಿ ಮೀನು ಬಿಡಿ ಎನ್ನಲು ವೈದ್ಯರಿಗೂ ಧೈರ್ಯ ಬೇಕು!)

ಆಧುನಿಕ ವೈದ್ಯರು ರುಮಟಾಯ್ಡ್ ಆರ್ಥ್ರೈಟಿಸ್ ಎನ್ನುವ ಕಾಯಿಲೆ ಬಹುಮಟ್ಟಿಗೆ ಈ ಆಮವಾತವನ್ನೇ ಹೋಲುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ನಲವತ್ತರ ಆಸುಪಾಸಿನ ತಾಯಂದಿರನ್ನೂ ಬಿಡದು. ಚಿಕಿತ್ಸೆ ತಡವಾದರೆ ಗಂಟಿನ ಮೂಳೆಯೇ ಕೊರೆದು ಬೆರಳು ಸೊಟ್ಟಗಾಗುತ್ತದೆ. ಅದು ಮತ್ತೆ ನೆಟ್ಟಗಾಗದು. ಆದ್ದರಿಂದ ಬೆಳಗಿನ ಬಿಗಿತ ಆರು ವಾರ ಕಳೆದರೂ ಬಿಡದಿದ್ದರೆ ರಕ್ತಪರೀಕ್ಷೆ ಮಾಡಿಸಲೇಬೇಕು. ಶಿವಮೊಗ್ಗದಲ್ಲಿ ಸರ್ಕಾರಿ ಆಯುರ್ವೇದ ಕಾಲೇಜಿನ ಆಸ್ಪತ್ರೆಯೂ ಇದೆ, ಅಲೋಪಥಿ ಆಸ್ಪತ್ರೆಗಳೂ ಇವೆ. ಎರಡು ಕಡೆ ತೋರಿಸುವುದಾದರೆ ಒಬ್ಬರ ಔಷಧಿ ಇನ್ನೊಬ್ಬರಿಗೆ ತಿಳಿದಿರಲಿ.

ಗಿಡಮೂಲಿಕೆಗೆ ಶಕ್ತಿಯಿಲ್ಲವೆಂದಲ್ಲ. 2013ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನವೊಂದರಲ್ಲಿ ಮಂಡಿ ಸವೆದ 440 ಮಂದಿಗೆ 24 ವಾರ ಚಿಕಿತ್ಸೆ ನೀಡಲಾಯಿತು. ಶುಂಠಿ, ಅಮೃತಬಳ್ಳಿ, ನೆಲ್ಲಿ, ಶಲ್ಲಕಿ ಮುಂತಾದವುಗಳ ಮಿಶ್ರಣ ನೋವುನಿವಾರಕ ಮಾತ್ರೆಗೆ ಸರಿಸಮನಾಗಿ ನಿಂತಿತು. ಆದರೆ ಕೆಲವರ ರಕ್ತದಲ್ಲಿ ಯಕೃತ್ತಿನ ಅಂಶ ಏರಿದ್ದೂ ಕಂಡಿತು. ಶಕ್ತಿಯುಳ್ಳ ಮದ್ದಿಗೆ ಅಡ್ಡಪರಿಣಾಮವೂ ಉಂಟು.

ಇನ್ನು ಸಂತೆ, ಬಸ್‌ಸ್ಟ್ಯಾಂಡಿನಲ್ಲಿ ಸಿಗುವ ಹೆಸರಿಲ್ಲದ ಪುಡಿ. ಎರಡೇ ದಿನಕ್ಕೆ ನೋವು ಮಾಯವಾದರೆ ಸಂತೋಷಪಡುವುದಕ್ಕಿಂತ ಅನುಮಾನಪಡುವುದು ಮೇಲು. ಅಂಥ ಪುಡಿಗಳಲ್ಲಿ ಗುಟ್ಟಾಗಿ ಸ್ಟೀರಾಯ್ಡ್ ಬೆರೆಸಿದ್ದು ಮತ್ತೆ ಮತ್ತೆ ಪತ್ತೆಯಾಗಿದೆ. ತಿಂಗಳುಗಟ್ಟಲೆ ತಿಂದರೆ ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ. ಥಟ್ಟನೆ ಬಿಟ್ಟರೂ ಅಪಾಯ. ಮನೆಯಲ್ಲಿ ಯಾರಾದರೂ ಅದನ್ನು ತಿನ್ನುತ್ತಿದ್ದರೆ ಬೈದು ಎಸೆಯಬೇಡಿ. ಪೊಟ್ಟಣದ ಸಮೇತ ವೈದ್ಯರ ಬಳಿಗೆ ಕರೆದೊಯ್ಯಿರಿ.